ಹಿತ್ತಲಿನ ಮುಂದೆ ಹಾಯುವಾಗ

ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ ದೋಣಿಮನೆ ಹತ್ತಿ, ಕವ್ವಾಯಿ ಹಿನ್ನೀರಿನಲ್ಲಿ ದಕ್ಷಿಣಕ್ಕೆ ಸಾಗುವ ದಂಪತಿಗೆ ಎಡಕ್ಕೆ ತೆಂಗಿನ ತೋಟಗಳು. ಬಲಕ್ಕೆ ವಲಿಯಪರಂಬದ ಮರಳುಪಟ್ಟಿ, ಅದರಾಚೆ ಅರಬ್ಬಿ ಸಮುದ್ರ. ಅವರಿಗದು ನೋಟ. ದಡದಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ಅದು ಹಿತ್ತಲು. ದೋಣಿಗೆ ದುಡ್ಡು ಕೊಟ್ಟದ್ದು ನಿಜ. ಆಕೆಯನ್ನು ದಿಟ್ಟಿಸುವ, ಫೋಟೋ ಹಿಡಿಯುವ ಹಕ್ಕೂ ಆ ದುಡ್ಡಿನಲ್ಲಿ ಸೇರಿದೆಯೇ?

ಆ ದಂಪತಿ ಮೈಸೂರಿನ ಬನ್ನಿಮಂಟಪದವರಾಗಿದ್ದರೆ ಉತ್ತರ ಅವರಿಗೆ ಗೊತ್ತಿರಬೇಕು. ವಿಜಯದಶಮಿಯ ಜಂಬೂಸವಾರಿ ಬಂದು ಮುಟ್ಟುವುದು ಅಲ್ಲಿಗೇ. ರಾತ್ರಿಯ ಪಂಜಿನ ಕವಾಯತೂ ಅಲ್ಲೇ. ನೋಡಲು ಬಂದ ಜನಸಾಗರ ಮನೆಗಳ ಮುಂದೆಯೇ ಹಾಯುತ್ತದೆ. ಬಂದವರು ಮೆರವಣಿಗೆ ಕಣ್ತುಂಬಿಕೊಳ್ಳಲಿ; ಕಿಟಕಿಯಲ್ಲಿ ಇಣುಕಿದರೆ ಯಾರು ಸಹಿಸುತ್ತಾರೆ?

ಕಣ್ಣು ತೆರೆಯುವುದು ಪ್ರವಾಸದ ಸುಖ, ತಗ್ಗಿಸುವುದು ಅದರ ಧರ್ಮ. ಆ ಹೆಂಗಸು ತಲೆ ಎತ್ತಿದಾಗ ಕ್ಯಾಮೆರಾ ಇಳಿಸಿದರೆ, ಆಕೆಗೆ ಸಲ್ಲಬೇಕಾದುದು ಸಂದಂತೆ.