ಬಣ್ಣದ ಕೆಳಗಿನ ಲೇಪ



ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಮನೆಗಳಲ್ಲಿ ಸುಣ್ಣ ಬಣ್ಣದ ಮಾತು ಶುರುವಾಗುತ್ತದೆ. ಕ್ರಿಸ್ಮಸ್ ಹತ್ತಿರ ಬರುತ್ತಿರುತ್ತದೆ, ಇಲ್ಲವೇ ಮಗಳ ಮದುವೆ ಗೊತ್ತಾಗಿರುತ್ತದೆ. ಯಾವ ಬಣ್ಣ ಎಂಬ ಬಗ್ಗೆ ಮನೆಮಂದಿಯೆಲ್ಲ ಚರ್ಚೆ ಮಾಡುತ್ತಾರೆ. ಬಣ್ಣದ ಕೆಳಗೆ ಏನು ಬಳಿಯಬೇಕು ಎಂದು ಕೇಳುವವರು ಕಡಿಮೆ. ಇಂದು ನಾನು ಆ ಪ್ರೈಮರ್ ಬಗ್ಗೆಯೇ ಬರೆಯಬೇಕೆಂದಿದ್ದೇನೆ. ನಗಬೇಡಿ, ಅದು ನನಗೆ ಒಂದು ಪಾಠ ಕಲಿಸಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಗುರುಮನೆಯ ಮುಂದಿನ ಕೋಣೆಗೆ ಬಣ್ಣ ಹೊಡೆಸಬೇಕಾಗಿತ್ತು. ಬಂದ ಪೇಂಟರ್ ವಯಸ್ಸಾದವರು. ಗೋಡೆಯ ಮೇಲೆ ಅಂಗೈ ಸವರಿ ನನಗೆ ತೋರಿಸಿದರು. ಕೈಯೆಲ್ಲ ಬಿಳಿ ಪುಡಿ. “ಸ್ವಾಮಿ, ಇದು ಹಳೆಯ ಸುಣ್ಣ. ಕೆರೆದು, ಪ್ರೈಮರ್ ಹೊಡೆದು, ಆಮೇಲೆ ಬಣ್ಣ ಹೊಡೆಯಬೇಕು. ಎರಡು ದಿನ ಹೆಚ್ಚು ಬೇಕು,” ಎಂದರು. ಮಾಳಿಗೆಯ ಮೂಲೆಯಲ್ಲಿ ಮಳೆನೀರು ಸೋರಿ ಕಂದು ಕಲೆಯಾಗಿದ್ದುದನ್ನೂ ತೋರಿಸಿದರು. ನನಗೆ ಅವಸರ. “ಭಾನುವಾರ ಬಿಷಪರು ಬರುತ್ತಾರೆ, ಅದೆಲ್ಲ ಬೇಡ, ಇನ್ನೊಂದು ಕೋಟ್ ಬಣ್ಣವನ್ನೇ ಹೊಡೆದುಬಿಡಿ,” ಎಂದೆ. ಅವರು ನಾನು ಹೇಳಿದಂತೆ ಮಾಡಿದರು. ಹಬ್ಬದ ದಿನ ಎಲ್ಲರೂ ಕೋಣೆಯನ್ನು ಹೊಗಳಿದರು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಎದ್ದು ಉದುರಿತು. ಮಾಳಿಗೆಯ ಕಂದು ಕಲೆ ಮತ್ತೆ ಇಣುಕಿ ನೋಡಿತು. ತಪ್ಪು ಪೇಂಟರನದಲ್ಲ, ನನ್ನದು.

ಅವರನ್ನೇ ಮತ್ತೆ ಕರೆಸಿದೆ. ಈ ಸಲ ಬಾಯಿ ಮುಚ್ಚಿ ಕೇಳಿಸಿಕೊಂಡೆ. ಪುಡಿಯಾಗುವ ಸುಣ್ಣದ ಮೇಲೆ ಬಳಿದ ಬಣ್ಣ ಗೋಡೆಯನ್ನು ಹಿಡಿಯುವುದಿಲ್ಲ, ಪುಡಿಯನ್ನು ಹಿಡಿಯುತ್ತದೆ. ಪುಡಿ ಉದುರಿದಾಗ ಬಣ್ಣವೂ ಉದುರುತ್ತದೆ. ಹೊಸ ಗಾರೆಯಾದರೆ ಸಿಮೆಂಟಿನ ಕ್ಷಾರ ಬಣ್ಣವನ್ನು ತಿಂದುಹಾಕುತ್ತದೆ. ಅದಕ್ಕೇ ಸುಮಾರು 28 ದಿನ ಕಾದು, ಗೋಡೆ ಒಣಗಿದ ಮೇಲೆ ಪ್ರೈಮರ್ ಹೊಡೆಯಬೇಕು. ಗೋಡೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬಣ್ಣ ಹೀರುತ್ತದೆ. ಪ್ರೈಮರ್ ಅದನ್ನು ಸಮಮಾಡುತ್ತದೆ. ಪುಟ್ಟಿ ತುಂಬಿ ಉಜ್ಜಿದ ಮೇಲೆ ಇನ್ನೊಂದು ಕೋಟ್ ಪ್ರೈಮರ್ ಬೇಕಾಗುವುದೂ ಇದಕ್ಕಾಗಿಯೇ. ಹೊಗೆಯ ಕಲೆ, ನೀರಿನ ಕಲೆ ಸಾಮಾನ್ಯ ಬಣ್ಣದೊಳಗಿಂದ ತೂರಿ ಬರುತ್ತವೆ. ಅವನ್ನು ತಡೆಯುವ ಪ್ರೈಮರೇ ಬೇರೆ. “ಆದರೆ ಸ್ವಾಮಿ, ಮಾಳಿಗೆ ಸೋರುತ್ತಿದ್ದರೆ ಯಾವ ಪ್ರೈಮರೂ ನಿಲ್ಲುವುದಿಲ್ಲ. ಮೊದಲು ಸೋರಿಕೆ ನಿಲ್ಲಿಸಿ,” ಎಂದರು.

ಆ ರಾತ್ರಿ ಯಾಜಕಕಾಂಡದ 14ನೆಯ ಅಧ್ಯಾಯ ನೆನಪಾಯಿತು. ಮನೆಯ ಗೋಡೆಯಲ್ಲಿ ಹಸಿರು ಅಥವಾ ಕೆಂಪು ಮಚ್ಚೆ ಕಂಡರೆ ಯಜಮಾನನು ಯಾಜಕನನ್ನು ಕರೆಯಬೇಕಿತ್ತು. ಯಾಜಕನು ಅದರ ಮೇಲೆ ಸುಣ್ಣ ಬಳಿಯಲು ಹೇಳುವುದಿಲ್ಲ. ಪರೀಕ್ಷಿಸಿ, ಮನೆಯನ್ನು 7 ದಿನ ಮುಚ್ಚಿಸುತ್ತಾನೆ. ಮಚ್ಚೆ ಹರಡಿದ್ದರೆ ಆ ಕಲ್ಲುಗಳನ್ನು ತೆಗೆಸಿ, ಒಳಗೋಡೆಯನ್ನೆಲ್ಲ ಕೆರೆಯಿಸಿ, ಬೇರೆ ಕಲ್ಲುಗಳನ್ನಿಟ್ಟು ಹೊಸ ಗಾರೆ ಮಾಡಿಸುತ್ತಾನೆ. ಪ್ರವಾದಿ ಯೆಹೆಜ್ಕೇಲನಂತೂ ಹುಳುಕಿನ ಗೋಡೆಗೆ ಸುಣ್ಣ ಬಳಿದು, ಶಾಂತಿ ಇಲ್ಲದಲ್ಲಿ ಶಾಂತಿಯಿದೆ ಎನ್ನುವ ಸುಳ್ಳು ಪ್ರವಾದಿಗಳನ್ನು ಕಟುವಾಗಿ ಖಂಡಿಸುತ್ತಾನೆ. ಮಳೆ ಬಂದಾಗ ಆ ಗೋಡೆ ಬೀಳುತ್ತದೆ ಎಂದು ಎಚ್ಚರಿಸುತ್ತಾನೆ. ಇದನ್ನು ಓದಿದಾಗ ನನ್ನ ಎದೆ ಝಲ್ಲೆಂದಿತು. ಏಕೆಂದರೆ ಅದೇ ಹಬ್ಬದ ವಾರ ನಾನು ಇನ್ನೊಂದು ಕಡೆಯೂ ಪ್ರೈಮರ್ ಇಲ್ಲದೆ ಬಣ್ಣ ಹೊಡೆದಿದ್ದೆ.

ನಮ್ಮಲ್ಲಿ ಇಬ್ಬರು ಅಣ್ಣತಮ್ಮಂದಿರು ಮನೆ ಪಾಲಿನ ವಿಷಯದಲ್ಲಿ ಆರು ವರ್ಷಗಳಿಂದ ಮಾತು ಬಿಟ್ಟಿದ್ದರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಹಬ್ಬಕ್ಕೆ ಮುಂಚೆ ಇಬ್ಬರನ್ನೂ ಅದೇ ಹೊಸ ಬಣ್ಣದ ಕೋಣೆಗೆ ಕರೆದು, “ಹಳೆಯದನ್ನೆಲ್ಲ ಮರೆತುಬಿಡಿ, ಕೈ ಕುಲುಕಿ,” ಎಂದೆ. ಸ್ವಾಮಿಗಳ ಮಾತಿಗೆ ಬೆಲೆ ಕೊಟ್ಟು ಕುಲುಕಿದರು. ಫೋಟೊ ಕೂಡ ತೆಗೆದೆವು. ಮೂರು ತಿಂಗಳಲ್ಲಿ ಜಗಳ ಮೊದಲಿಗಿಂತ ಹೆಚ್ಚಾಯಿತು. ತಮ್ಮ ನನ್ನಲ್ಲಿಗೆ ಬಂದು, “ಸ್ವಾಮಿ, ಅಂದು ನೀವು ನನ್ನ ಮಾತು ಕೇಳಲೇ ಇಲ್ಲ,” ಎಂದ. ಆ ಒಂದು ಮಾತು ನನ್ನನ್ನು ಕೆರೆದುಹಾಕಿತು.

ಮುಂದಿನ ತಪಸ್ಸುಕಾಲದಲ್ಲಿ ಮತ್ತೆ ಕುಳಿತೆವು. ಮೊದಲು ಒಬ್ಬೊಬ್ಬರೊಡನೆ ಬೇರೆ ಬೇರೆಯಾಗಿ, ಆಮೇಲೆ ಒಟ್ಟಿಗೆ. ತಾಯಿಯ ಚಿಕಿತ್ಸೆಗೆ ತಮ್ಮ ಮಾಡಿದ ಖರ್ಚನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಂಗಿಯ ಮದುವೆಯ ಸಾಲವನ್ನು ಅಣ್ಣ ಒಬ್ಬನೇ ತೀರಿಸಿದ್ದು ತಮ್ಮನಿಗೆ ಗೊತ್ತೇ ಇರಲಿಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದೆವು. ಅಳು, ಸಿಟ್ಟು, ಮೌನ ಎಲ್ಲವೂ ಆಯಿತು. ಪಾಸ್ಕ ಹಬ್ಬಕ್ಕೆ ಫೋಟೊ ತೆಗೆಯಲಿಲ್ಲ. ಇಂದು ಅವರು ಅಪ್ಪಿಕೊಂಡು ತಿರುಗುತ್ತಾರೆ ಎಂದು ಹೇಳಲಾರೆ. ಆದರೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಮಕ್ಕಳು ಒಟ್ಟಿಗೆ ಉಣ್ಣುತ್ತಾರೆ.

ಪ್ರಿಯರೇ, ಕ್ಷಮೆ ಎಂದರೆ ಕಲೆಯ ಮೇಲೆ ಬಣ್ಣ ಬಳಿಯುವುದಲ್ಲ. ಅದಕ್ಕಾಗಿಯೇ ಧರ್ಮಸಭೆ ಪಾಪನಿವೇದನೆಗೆ ಮುಂಚೆ ಆತ್ಮಪರಿಶೋಧನೆ, ಪಶ್ಚಾತ್ತಾಪ, ಪಾಪ ಬಿಡುವ ದೃಢ ನಿರ್ಧಾರಗಳನ್ನು ಕೇಳುತ್ತದೆ. ಸೋರುವ ಮಾಳಿಗೆಯನ್ನು ಹಾಗೆಯೇ ಬಿಟ್ಟು ಪ್ರತಿ ತಿಂಗಳು ಬಣ್ಣ ಹೊಡೆಸುವವರಂತೆ ನಾವು ಇರಬಾರದು. ದೈವಕೃಪೆ ನಮ್ಮ ಸ್ವಭಾವವನ್ನು ಒರೆಸಿಹಾಕದೆ ಅದನ್ನೇ ಪೂರ್ಣತೆಗೆ ಒಯ್ಯುತ್ತದೆ ಎಂಬ ಸಂತ ಥಾಮಸ್ ಅಕ್ವಿನಾಸರ ಬೋಧನೆಯನ್ನು ನಾನು ಗುರುಮಠದಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಈ ಗೋಡೆಯ ಮುಂದೆ. ದೇವರು ನಮ್ಮ ಗಾಯವನ್ನು ಮರೆಮಾಚುವುದಿಲ್ಲ, ಗುಣಪಡಿಸುತ್ತಾನೆ. ಅದಕ್ಕೆ ನಮ್ಮನ್ನು ಅಣಿಗೊಳಿಸುವುದೂ ಆತನ ಕೃಪೆಯೇ; ನಾವು ಅವಸರಪಡಿಸದೆ ಅವಕಾಶ ಕೊಡಬೇಕು.

ಇನ್ನೊಂದು ಮಾತು. ಕೆಲಸ ಮುಗಿದ ಮೇಲೆ ಪ್ರೈಮರನ್ನು ಯಾರೂ ಹೊಗಳುವುದಿಲ್ಲ, ಅದು ಕಾಣುವುದೇ ಇಲ್ಲ. ಸ್ನಾನಿಕ ಯೊವಾನ್ನರು ಪ್ರಭುವಿಗೆ ದಾರಿ ಸಿದ್ಧಪಡಿಸಿ ಹಿಂದೆ ಸರಿದರು. ನಮ್ಮ ಕುಟುಂಬಗಳಲ್ಲೂ ಹೀಗೆ ದುಡಿದು ಮರೆಯಾಗುವ ತಾಯಂದಿರು, ಅಜ್ಜಿಯರು ಇದ್ದಾರೆ. ಇಂದು ಮಕ್ಕಳ ವಿಶ್ವಾಸ ಗಟ್ಟಿಯಾಗಿ ನಿಂತಿದ್ದರೆ ಅದರ ಕೆಳಗೆ ಅವರ ಸಂಜೆಯ ಜಪಸರ ಇದೆ. ಅವರಿಗೆ ಈ ವಾರ ಒಂದು ಕೃತಜ್ಞತೆಯ ಮಾತು ಹೇಳಿ.

ಈ ಸಲ ಹಬ್ಬಕ್ಕೆ ಬಣ್ಣ ಹೊಡೆಸುವ ಮುಂಚೆ ಗೋಡೆಯ ಮೇಲೆ ಒಮ್ಮೆ ಅಂಗೈ ಸವರಿ ನೋಡಿ. ಹಾಗೆಯೇ ಮಾತು ಬಿಟ್ಟವರು ಯಾರಾದರೂ ಇದ್ದರೆ, ಹಬ್ಬದ ಶುಭಾಶಯದ ಕಾರ್ಡ್ ಕಳುಹಿಸುವ ಮೊದಲು ಅವರ ಮಾತನ್ನು ಪೂರ್ತಿಯಾಗಿ ಒಮ್ಮೆ ಕೇಳಿಸಿಕೊಳ್ಳಿ. ಕರುಣಾಮಯ ಪ್ರಭು ನಿಮ್ಮ ಮನೆಗಳನ್ನೂ ಮನಗಳನ್ನೂ ಆಶೀರ್ವದಿಸಲಿ.