ದಾರಿಯ ಒಡೆಯನ ಧರ್ಮ

ಕಣ್ಣಿಗೆ ಕಾಣುವ ಉಪಕಾರವನ್ನು ನೆನೆಯುವುದು ಸುಲಭ. ಕಾಣದ ಉಪಕಾರವನ್ನು ನೆನೆಯುವುದು ಕಷ್ಟ. ಊರ ಮುಂದೆ ಕೆರೆಯನ್ನು ಕಟ್ಟಿಸಿದವನ ಹೆಸರು ಶಿಲೆಯ ಮೇಲೆ ನಿಲ್ಲುವುದು. ಮಳೆಗಾಲಕ್ಕೆ ಮುಂಚೆ ವರುಷ ವರುಷವೂ ಅದರ ಹೂಳನ್ನೆತ್ತಿದವರ ಹೆಸರು ಎಲ್ಲಿಯೂ ನಿಲ್ಲದು. ಆದರೂ ಕೆರೆಯು ಬದುಕಿ ಉಳಿಯುವುದು ಇಬ್ಬರಿಂದಲೂ ಹೌದು. ಈ ಮಾತು ಹಳೆಯದು. ಆದರೆ ಮನುಷ್ಯನು ಕಟ್ಟಿದ ಕಟ್ಟಡವೇ ಕಡಲ ತಳದಲ್ಲಿ ಅಡಗಿ ಮಲಗಿದ್ದು, ಅದರ ಒಡೆಯನಾರೆಂಬುದನ್ನು ಬಳಸುವವನು ಅರಿಯದೆ ಇರುವಾಗ, ಹಳೆಯ ಮಾತು ಹೊಸ ಪ್ರಶ್ನೆಯಾಗಿ ನಿಲ್ಲುವುದು: ಎಲ್ಲರೂ ನಡೆಯುವ ದಾರಿಗೆ ಒಬ್ಬನು ಒಡೆಯನಾದರೆ, ಅವನು ಯಾರಿಗೆ ಏನನ್ನು ಸಲ್ಲಿಸಬೇಕು?

ಗುಡೂರಿನ ಮಗ್ಗದ ಮನೆಯೊಂದನ್ನು ಮನಸ್ಸಿಗೆ ತಂದುಕೊಳ್ಳಬಹುದು. ಇಳಕಲ್ಲು ಸೀರೆಯೆಂಬ ಹೆಸರು ಇಳಕಲ್ಲಿನದಾದರೂ ಅದರ ನೆಯ್ಗೆಯು ಗುಡೂರು ಮೊದಲಾದ ಸುತ್ತಣ ಊರುಗಳಿಗೂ ಹಬ್ಬಿರುವುದು. ಅಲ್ಲಿಯ ನೇಕಾರನು ಆಗ ತಾನೆ ಮಗ್ಗದಿಂದಿಳಿಸಿದ ಸೀರೆಯ ಚಿತ್ರವನ್ನು ಮೊಬೈಲಿನಿಂದ ಲಂಡನ್ನಿನ ಗಿರಾಕಿಗೆ ಕಳಿಸುವನೆಂದಿಟ್ಟುಕೊಳ್ಳೋಣ. ಚಿತ್ರವು ಆಕಾಶಮಾರ್ಗವಾಗಿ, ಉಪಗ್ರಹವನ್ನು ಮುಟ್ಟಿ ಹೋಯಿತೆಂದು ಹಲವರ ಎಣಿಕೆ. ಅದು ನಿಜವಲ್ಲ. ಖಂಡದಿಂದ ಖಂಡಕ್ಕೆ ಹರಿಯುವ ಸುದ್ದಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕ ಪಾಲು ಕಡಲಡಿಯ ಕೇಬಲ್ಲುಗಳಲ್ಲಿಯೇ ಹೋಗುವುದು. ನೇಕಾರನ ಚಿತ್ರವೂ ನೆಲದೊಳಗಿನ ಗಾಜಿನ ಎಳೆಯಲ್ಲಿ ಮುಂಬಯಿಯಂಥ ಕಡಲತೀರದ ಪಟ್ಟಣವನ್ನು ಸೇರಿ, ಅಲ್ಲಿಂದ ನೀರಿಗಿಳಿಯುವುದು.

ಆ ಕೇಬಲ್ಲಿನ ಆಕಾರವು ಅದರ ಕೆಲಸಕ್ಕೆ ಹೋಲಿಸಿದರೆ ಅತ್ಯಲ್ಪವಾದುದು. ಆಳವಾದ ಕಡಲಿನಲ್ಲಿ ಅದರ ದಪ್ಪವು ತೋಟಕ್ಕೆ ನೀರು ಹಾಯಿಸುವ ಕೊಳವೆಗಿಂತ ಹೆಚ್ಚಿನದಲ್ಲ. ನಟ್ಟನಡುವೆ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳು. ಅವನ್ನು ಸುತ್ತಿ ಉಕ್ಕಿನ ತಂತಿ, ತಾಮ್ರದ ಕವಚ, ಪ್ಲಾಸ್ಟಿಕ್ಕಿನ ಹೊದಿಕೆ. ದಡದ ಸಮೀಪದಲ್ಲಿ ಮಾತ್ರ ಬಲೆಗೂ ಲಂಗರಿಗೂ ಅಂಜಿ, ಇನ್ನಷ್ಟು ಉಕ್ಕನ್ನು ಸುತ್ತಿ ಮಣ್ಣಿನೊಳಗೆ ಹೂಳುವರು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುವುದು. ಆದರೆ ಓಡುತ್ತೋಡುತ್ತ ಮಂಕಾಗುವುದು. ಆದುದರಿಂದ 60ರಿಂದ 100 ಕಿಲೋಮೀಟರಿಗೊಂದರಂತೆ ಬೆಳಕಿಗೆ ಮರಳಿ ಬಲ ತುಂಬುವ ಪೆಟ್ಟಿಗೆಯನ್ನು ಕೇಬಲ್ಲಿನಲ್ಲಿಯೇ ಕೂಡಿಸಿರುವರು. ಈ ಪೆಟ್ಟಿಗೆಗಳಿಗೆ ಬೇಕಾದ ವಿದ್ಯುತ್ತು ಎರಡೂ ದಡಗಳಿಂದ, ಸಾವಿರಾರು ವೋಲ್ಟುಗಳ ಒತ್ತಡದಲ್ಲಿ, ಅದೇ ತಾಮ್ರದ ಕವಚದ ಮೂಲಕ ಹರಿದು ಬರುವುದು.

ಜಗತ್ತಿನಲ್ಲಿ ವರುಷಕ್ಕೆ 150ರಿಂದ 200 ಸಲ ಈ ಕೇಬಲ್ಲುಗಳು ಎಲ್ಲಿಯಾದರೊಂದು ಕಡೆ ಕೆಡುವುವು. ಬಹುಪಾಲು ಮೀನಿನ ಬಲೆಯಿಂದ, ಇಲ್ಲವೆ ಎಳೆದಾಡುವ ಲಂಗರಿನಿಂದ. ಆಗ ದಡದಿಂದ ಬೆಳಕಿನ ಮಿಡಿತವೊಂದನ್ನು ಬಿಟ್ಟು, ಅದು ಮರಳಿ ಬರಲು ಹಿಡಿದ ಕಾಲದಿಂದ ಮುರಿದ ತಾಣವನ್ನು ಲೆಕ್ಕ ಹಾಕುವರು. ಹಡಗು ಅಲ್ಲಿಗೆ ಹೋಗಿ, ಕೊಕ್ಕೆಯನ್ನು ಕಡಲ ತಳದಲ್ಲಿ ಎಳೆದು, ಒಂದು ತುದಿಯನ್ನು ಮೇಲೆತ್ತಿ ತೇಲುಬುರುಡೆಗೆ ಕಟ್ಟಿ, ಮತ್ತೊಂದು ತುದಿಯನ್ನು ಹುಡುಕುವುದು. ನಡುವೆ ಹೊಸ ಕೇಬಲ್ಲನ್ನಿಟ್ಟು, ಗಾಜಿನ ಎಳೆಗಳನ್ನು ಒಂದೊಂದಾಗಿ ವಿದ್ಯುತ್ತಿನ ಕಿಡಿಯಲ್ಲಿ ಕರಗಿಸಿ ಬೆಸೆಯುವರು. ಇಳಕಲ್ಲು ಸೀರೆಯಲ್ಲಿಯೂ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗಳನ್ನು ಮತ್ತೊಂದರ ಎಳೆಗಳೊಡನೆ ಕುಣಿಕೆಯಿಂದ ಕೂಡಿಸಿ ಕೊಂಡಿ ಹಾಕಿದರಷ್ಟೇ ಅದು ಸೀರೆ, ಇಲ್ಲವಾದರೆ ಎರಡು ತುಂಡು ಬಟ್ಟೆ. ಉಟ್ಟವಳನ್ನು ನೋಡಿದವರು ಸೆರಗನ್ನು ಹೊಗಳುವರಲ್ಲದೆ ಕೊಂಡಿಯನ್ನು ಹೊಗಳರು. ಕಡಲ ನಡುವೆ ಬೆಸುಗೆ ಹಾಕುವವರ ಪಾಡೂ ಅದೇ.

ಇಂಥ ದಾರಿಯ ಒಡೆಯರಾದರೂ ಯಾರು? 1870ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ ಹಡಗು ಮುಂಬಯಿಯಿಂದ ಏಡನ್ನಿಗೆ ಟೆಲಿಗ್ರಾಫಿನ ತಂತಿಯನ್ನು ಹಾಸಿದಾಗ ಅದು ಸಾಮ್ರಾಜ್ಯದ ನೆರಳಿನಲ್ಲಿದ್ದ ಕಂಪನಿಯ ಸೊತ್ತಾಗಿದ್ದಿತು. 1988ರಲ್ಲಿ ಅಟ್ಲಾಂಟಿಕ್ಕಿನಲ್ಲಿ ಮೊದಲ ಗಾಜಿನ ಕೇಬಲ್ಲು ಬಂದಾಗ ಹಲವು ದೇಶಗಳ ಟೆಲಿಫೋನು ಸಂಸ್ಥೆಗಳು ಕೂಡಿ ಅದನ್ನು ಹಾಕಿಸಿದುವು. ಇತ್ತೀಚಿನ ವರುಷಗಳಲ್ಲಿಯಾದರೋ ಗೂಗಲ್, ಮೆಟಾ, ಮೈಕ್ರೋಸಾಫ್ಟ್, ಅಮೆಜಾನ್ ಎಂಬ ವ್ಯಾಪಾರಸಂಸ್ಥೆಗಳೇ ಕೇಬಲ್ಲುಗಳನ್ನು ಹಾಸುತ್ತಲೂ ಅವುಗಳ ದೊಡ್ಡ ಪಾಲನ್ನು ಕೊಳ್ಳುತ್ತಲೂ ಬಂದಿವೆ. ಸರಕನ್ನು ಮಾರುವವನೇ ದಾರಿಗೂ ಒಡೆಯನಾದನೆಂದಂತಾಯಿತು. ಇದರಲ್ಲಿ ತಪ್ಪುಂಟೇ?

ವ್ಯಾಪಾರಿಗಳು ದಾರಿಯನ್ನು ಆಳುವುದು ಗುಡೂರಿನ ಸೀಮೆಗೆ ಹೊಸ ಸಂಗತಿಯಲ್ಲ. ಅಲ್ಲಿಗೆ ಬಹುದೂರವಲ್ಲದ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವು ದಕ್ಷಿಣದೇಶವನ್ನೆಲ್ಲ ವ್ಯಾಪಿಸಿ ಕಡಲನ್ನೂ ದಾಟಿತ್ತು. ಸುಮಾತ್ರ ದ್ವೀಪದ ಬರೂಸಿನ ಬಳಿ ದೊರೆತ 1088ರ ತಮಿಳು ಶಾಸನವೊಂದು ಆ ಸಂಘದ್ದೇ ಆಗಿದೆ. ಅವರು ಕಾವಲಿನ ಪಡೆಗಳನ್ನಿಟ್ಟುಕೊಂಡು ಲಾಭಕ್ಕಾಗಿಯೇ ನಡೆದವರು, ಸನ್ಯಾಸಿಗಳಲ್ಲ. ಆದರೂ ತಮ್ಮ ಬಾಳುವೆಗೆ ಅವರು ಇಟ್ಟುಕೊಂಡ ಹೆಸರು ವೀರಬಣಂಜು ಧರ್ಮ. ತಮ್ಮ ಸರಕಿನ ಹೇರುಗಳ ಮೇಲೆ ತಾವೇ ಇಷ್ಟಿಷ್ಟೆಂದು ಗೊತ್ತುಮಾಡಿ ಗುಡಿಗಳಿಗೂ ಧರ್ಮಕಾರ್ಯಗಳಿಗೂ ಕೊಟ್ಟುದನ್ನು ಶಾಸನಗಳು ಹೇಳುತ್ತಿವೆ. ವ್ಯಾಪಾರಕ್ಕೂ ಒಂದು ಧರ್ಮವುಂಟೆಂಬುದನ್ನು ಅವರಿಗೆ ಹೊರಗಿನವರು ಬೋಧಿಸಬೇಕಾಗಿರಲಿಲ್ಲ.

ಇಲ್ಲಿ ವ್ಯವಹಾರಜ್ಞರು ಒಂದು ಆಕ್ಷೇಪವನ್ನು ತರಬಹುದು: ‘ಹಣ ಹೂಡಿ ನಷ್ಟದ ಭಯವನ್ನು ಹೊತ್ತವನಿಗೆ ಧರ್ಮೋಪದೇಶವೇಕೆ? ಅವನ ಸೊತ್ತು, ಅವನ ಇಚ್ಛೆ.’ ಈ ಆಕ್ಷೇಪವು ಹಗುರವಾದುದಲ್ಲ. ಟೈಕೋ ಎಂಬ ಸಂಸ್ಥೆಯು 200 ಕೋಟಿ ಡಾಲರಿಗೂ ಮಿಕ್ಕಿ ಸುರಿದು ಸುಮಾರು 60,000 ಕಿಲೋಮೀಟರು ಕೇಬಲ್ಲನ್ನು ಹಾಸಿತು. ಅಷ್ಟರಲ್ಲಿ ವ್ಯಾಪಾರದ ಉಬ್ಬರವು ಇಳಿದುಹೋಗಿ, 2005ರಲ್ಲಿ ಅದೆಲ್ಲವೂ ಕೇವಲ 13 ಕೋಟಿ ಡಾಲರಿಗೆ ಭಾರತದ ವಿ.ಎಸ್.ಎನ್.ಎಲ್. ಸಂಸ್ಥೆಯ ಪಾಲಾಯಿತು. ಕೈಸುಟ್ಟುಕೊಂಡವರ ನಷ್ಟದಿಂದಲೇ ಉಳಿದವರ ಮಾತು ಅಗ್ಗವಾಯಿತು. ಇಂಥ ಸಾಹಸಿಗೆ ಲಾಭದ ಹಕ್ಕಿಲ್ಲವೆನ್ನುವುದು ಕೃತಘ್ನತೆಯಾದೀತು.

ಆದರೆ ಲಾಭದ ಹಕ್ಕು ಒಂದು, ಋಣವಿಲ್ಲವೆಂಬ ಹಮ್ಮು ಇನ್ನೊಂದು. ದಾರಿಯ ಒಡೆಯನು ದಾರಿಯನ್ನು ಒಬ್ಬನೇ ಕಾಯಲಾರನು. ಸಾವಿರಾರು ಹರದಾರಿ ಕಡಲಿನಲ್ಲಿ ಕಾವಲಿಡುವುದು ಯಾವ ಕುಬೇರನಿಗೂ ಆಗದು. ಅಲ್ಲಿ ಅವನ ಸೊತ್ತು ಉಳಿಯುವುದು ಪರರು ಅದನ್ನು ಕೆಡಿಸದೆ ಬಿಡುವುದರಿಂದ. 1884ರಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ರಾಷ್ಟ್ರಗಳು ಇದನ್ನು ಚೆನ್ನಾಗಿ ಕಂಡುಕೊಂಡಿದ್ದುವು. ಕೇಬಲ್ಲಿಗೆ ಪೆಟ್ಟಾಗದಿರಲೆಂದು ತನ್ನ ಲಂಗರನ್ನಾಗಲಿ ಬಲೆಯನ್ನಾಗಲಿ ಕಡಿದು ಬಿಟ್ಟ ನಾವಿಕನಿಗೆ ಅದರ ಬೆಲೆಯನ್ನು ಕೇಬಲ್ಲಿನ ಒಡೆಯನೇ ತೆರಬೇಕೆಂದು ಅವರ ಒಪ್ಪಂದವು ವಿಧಿಸಿತು. 1982ರ ಸಮುದ್ರಕಾನೂನೂ ಅದನ್ನೇ ಎತ್ತಿಹಿಡಿಯಿತು. ಬಲೆಯೆಂದರೆ ಮೀನುಗಾರನ ಸಂಸಾರದ ಅನ್ನ. ಇರುಳಿನಲ್ಲಿ, ಯಾರ ಸಾಕ್ಷಿಯೂ ಇಲ್ಲದೆಡೆಯಲ್ಲಿ, ತಾನೆಂದೂ ಕಾಣದ ಜನರ ಮಾತು ಮುರಿಯದಿರಲೆಂದು ಅವನು ಅದನ್ನು ಕಡಿಯುವನಾದರೆ, ಆ ದಾರಿಯಲ್ಲಿ ಅವನಿಗೂ ಒಂದು ಪಾಲುಂಟಲ್ಲವೇ? ಕಾನೂನು ಕೊಡಿಸುವುದು ಬಲೆಯ ಬೆಲೆಯನ್ನು. ಆ ನಿರ್ಧಾರದ ಬೆಲೆಯನ್ನು ಯಾವ ಕಾನೂನೂ ಕೊಡಿಸಲಾರದು.

ಎರಡನೆಯ ಋಣವು ಲಾಭವನ್ನು ತರಲಾರದವರದು. 2008ರ ಜನವರಿ 30ರಂದು ಅಲೆಕ್ಸಾಂಡ್ರಿಯದ ಬಳಿ ಎರಡು ಕೇಬಲ್ಲುಗಳು ತುಂಡಾದಾಗ ಭಾರತದ ಸಂಪರ್ಕವು ಬಹಳವಾಗಿ ಕುಗ್ಗಿತು. ಪೂರ್ವದ ಕಡಲಿನಲ್ಲಿ ಬೇರೆ ದಾರಿಯಿದ್ದ ದೊಡ್ಡ ಕಂಪನಿಗಳು ಪಾರಾದುವು, ಒಂದೇ ದಾರಿಯನ್ನು ನಂಬಿದವರು ಬಳಲಿದರು. 2022ರ ಜನವರಿಯಲ್ಲಿ ಅಗ್ನಿಪರ್ವತವು ಸ್ಫೋಟಗೊಂಡು ಟೋಂಗಾ ದೇಶದ ಒಂದೇ ಒಂದು ಹೊರಗೇಬಲ್ಲು ಹರಿದಾಗ, ಆ ನಾಡು ಅದಕ್ಕಾಗಿ ಐದು ವಾರ ಕಾಯಬೇಕಾಯಿತು. ಸಿರಿವಂತನಿಗೆ ಹತ್ತು ದಾರಿ, ಬಡವನಿಗೆ ಒಂದೇ ದಾರಿ. ವ್ಯಾಪಾರವನ್ನು ಅದರ ಪಾಡಿಗೆ ಬಿಟ್ಟರೆ ಆಗುವುದು ಇದೇ. ಚೆನ್ನೈಯಿಂದ ಅಂಡಮಾನಿಗೆ 2020ರಲ್ಲಿ ತೆರೆದ ಸುಮಾರು 2,300 ಕಿಲೋಮೀಟರಿನ ಕೇಬಲ್ಲನ್ನು ಲಾಭದ ಲೆಕ್ಕದಿಂದ ಯಾರೂ ಹಾಕುತ್ತಿರಲಿಲ್ಲ. ಅದಕ್ಕೆ ತಗಲಿದ 1,224 ಕೋಟಿ ರೂಪಾಯಿಯು ಬಂದುದು ದೂರವಾಣಿ ಸಂಸ್ಥೆಗಳ ಆದಾಯದಲ್ಲಿ ನೂರಕ್ಕೆ 5ರಂತೆ ಎತ್ತಿಟ್ಟ ನಿಧಿಯಿಂದ. ಐನೂರ್ವರು ಹೇರಿನ ಮೇಲೆ ಎತ್ತಿಡುತ್ತಿದ್ದ ಕಾಣಿಕೆಗೂ ಇದಕ್ಕೂ ಅಂತರವು ಹೆಚ್ಚಿಲ್ಲ. ಅವರು ತಾವಾಗಿ ಕೊಟ್ಟರು, ಇವರಿಂದ ರಾಜ್ಯವು ಕೊಡಿಸಿತು ಎಂಬುದಷ್ಟೇ.

ಮೂರನೆಯದು ಎಲ್ಲಕ್ಕೂ ಕಠಿನವಾದುದು: ಕಡಿಯುವ ಬಲವಿದ್ದೂ ಕಡಿಯದಿರುವುದು. 1914ರ ಆಗಸ್ಟ್ 5ರಂದು, ಯುದ್ಧವು ಸಾರಲ್ಪಟ್ಟ ಮರುಕ್ಷಣವೆಂಬಂತೆ, ಬ್ರಿಟಿಷರ ಹಡಗು ಜರ್ಮನಿಯ ಕಡಲತಂತಿಗಳನ್ನು ಕತ್ತರಿಸಿತು. ದುರಸ್ತಿಗೆಂದೇ ಇದ್ದ ಕೊಕ್ಕೆಯು ಅಂದು ಮುರಿಯುವುದಕ್ಕೆ ಒದಗಿತು. ಸೇರಿಸಬಲ್ಲ ಕೈಯೇ ಅಗಲಿಸಲೂ ಬಲ್ಲುದು. ಮಾತಿನ ದಾರಿಗೆ ಒಡೆಯನಾದವನು, ಅವನು ಅರಸನಿರಲಿ ವರ್ತಕನಿರಲಿ, ಇಂಥವನ ಮಾತು ಹೋಗಲಿ, ಇಂಥವನದು ನಿಲ್ಲಲಿ ಎಂದು ಆಣತಿಯೀಯುವ ದಿನ, ಒಡೆತನವು ಒಡೆತನವಾಗಿ ಉಳಿಯದೆ ದಬ್ಬಾಳಿಕೆಯಾಗುವುದು.

ಆದುದರಿಂದ ವ್ಯಾಪಾರಿಯು ದಾರಿಗೆ ಒಡೆಯನಾಗುವುದು ತಪ್ಪಲ್ಲ. ತಾನು ಹಾಸಿದುದು ಗಾಜಿನ ಎಳೆಯನ್ನು ಮಾತ್ರ, ಅದರಲ್ಲಿ ಹರಿಯುವ ನಂಟನ್ನಲ್ಲವೆಂಬುದನ್ನು ಮರೆಯುವುದು ತಪ್ಪು. ಮರೆಯದಿರುವ ಹೊಣೆಯು ಬಳಸುವವರ ಮೇಲೆಯೂ ಉಂಟು. ಗುಡೂರಿನ ನೇಕಾರನು ಕಳಿಸಿದ ಚಿತ್ರಕ್ಕೆ ಕ್ಷಣಮಾತ್ರದಲ್ಲಿ ‘ಸೀರೆ ಒಪ್ಪಿಗೆಯಾಯಿತು’ ಎಂದು ಮರುಮಾತು ಬರುವುದು. ಅವನು ಮೊಬೈಲನ್ನು ಬದಿಗಿಟ್ಟು, ಮುಂದಿನ ಸೀರೆಯ ಕೊಂಡಿಗೆ ಕುಳಿತುಕೊಳ್ಳುವನು. ಎಳೆಗೆ ಎಳೆಯನ್ನು ಕೂಡಿಸುವ ಕೆಲಸವು ಎಷ್ಟು ಕಣ್ಣನ್ನೂ ಎಷ್ಟು ತಾಳ್ಮೆಯನ್ನೂ ಬೇಡುವುದೆಂಬುದನ್ನು ಅವನಿಗೆ ಯಾರೂ ವಿವರಿಸಬೇಕಾಗಿಲ್ಲ. ಕಡಲಡಿಯ ಆ ಅಜ್ಞಾತ ಬೆಸುಗೆಗಾರರ ಋಣವನ್ನು ಜಗತ್ತಿನಲ್ಲಿ ಬೇಗನೆ ಅರಿಯಬಲ್ಲವನು ಯಾವನಾದರೂ ಇದ್ದರೆ, ಅವನು ಇಂಥವನೇ ಸರಿ.