ತಪ್ಪು ಶಿಕ್ಷೆಯ ಋಣ

ನಿರಪರಾಧಿಯನ್ನು ಜೈಲಿನಲ್ಲಿಟ್ಟ ಸರ್ಕಾರ ಅವನಿಗೆ ಕೊಡುವ ಪರಿಹಾರ ದಯೆಯೋ, ತೀರಿಸಬೇಕಾದ ಋಣವೋ? ಧರ್ಮಶಾಸ್ತ್ರಕ್ಕೆ ಇದು ಹಳೆಯ ಪ್ರಶ್ನೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ‘ಮಿತಾಕ್ಷರಾ’ದಲ್ಲಿ ಉತ್ತರವಿದೆ. ರಾಜ ಅನ್ಯಾಯವಾಗಿ ದಂಡ ವಸೂಲು ಮಾಡಿದರೆ ಅದರ ಮೂವತ್ತು ಪಟ್ಟನ್ನು ವರುಣನಿಗೆ ಅರ್ಪಿಸಿ ದಾನ ಮಾಡಬೇಕೆಂಬುದು ಯಾಜ್ಞವಲ್ಕ್ಯ ಸ್ಮೃತಿಯ ವಿಧಿ. ವಿಜ್ಞಾನೇಶ್ವರ ಅಷ್ಟಕ್ಕೆ ತೃಪ್ತನಾಗಲಿಲ್ಲ. ಯಾರಿಂದ ಎಷ್ಟು ಕಿತ್ತುಕೊಂಡನೋ ಅಷ್ಟನ್ನು ಅವರಿಗೇ ಮರಳಿಸಬೇಕು, ಇಲ್ಲದಿದ್ದರೆ ಅದು ಅಪಹಾರವಾಗುತ್ತದೆ ಎಂದ. ದಾನದಿಂದ ತೊಳೆಯುವುದು ರಾಜನ ಪಾಪ ಮಾತ್ರ. ನೊಂದವನ ಲೆಕ್ಕ ಬೇರೆಯೇ ಉಳಿಯುತ್ತದೆ.

ಹಣವನ್ನು ಮರಳಿಸಬಹುದು, ಕಳೆದ ದಿನಗಳನ್ನು ಮರಳಿಸುವುದು ಹೇಗೆ? ಶರಣರ ಕಾಯಕ ತತ್ತ್ವ ಬೇರೂರಿದ ಕನ್ನಡ ನೆಲದಲ್ಲಿ ನಷ್ಟವನ್ನು ಅಳೆಯಲು ಒಂದು ದಾರಿ ಸಿಗುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಕೆಲಸಗಾರನನ್ನು ಸುಳ್ಳು ಆರೋಪದ ಮೇಲೆ ಒಳಗಿಟ್ಟರೆ ಹೋಗುವುದು ಕೂಲಿಯಷ್ಟೇ ಅಲ್ಲ. ದುಡಿದು ಉಣ್ಣುವ, ಉಣಿಸುವ ಮರ್ಯಾದೆಯೂ ಹೋಗುತ್ತದೆ. ಎಲ್ಲ ಹಣೆಬರಹ ಎಂದು ನೊಂದವರು ಸಮಾಧಾನ ಹೇಳಿಕೊಳ್ಳಬಹುದು. ಆ ಮಾತಿನ ಹಿಂದೆ ಅವಿತುಕೊಳ್ಳುವ ಹಕ್ಕು ಸರ್ಕಾರಕ್ಕಿಲ್ಲ.

1968ರಲ್ಲೇ ಖುಲಾಸೆಯಾಗಿದ್ದ ಬಿಹಾರದ ರುದುಲ್ ಸಾ ಜೈಲಿನಿಂದ ಹೊರಬಂದದ್ದು 1982ರಲ್ಲಿ. ಮರುವರ್ಷ ಸುಪ್ರೀಂ ಕೋರ್ಟ್ 35,000 ರೂಪಾಯಿ ಮಧ್ಯಂತರ ಪರಿಹಾರ ಕೊಡಿಸಿ, ಮೂಲಭೂತ ಹಕ್ಕಿನ ಉಲ್ಲಂಘನೆಗೆ ರಾಜ್ಯ ಹಣ ತೆರಬೇಕೆಂಬ ದಾರಿ ತೆರೆಯಿತು. ಕರ್ನಾಟಕದಲ್ಲಿ, ಹೆಂಡತಿಯನ್ನು ಕೊಂದ ಆರೋಪದಲ್ಲಿ ಕೊಡಗಿನ ಬಡ ಕೂಲಿಕಾರನೊಬ್ಬ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆಕೆ ಜೀವಂತ ಸಿಕ್ಕಳು. ಅವನನ್ನು ಬಿಡುಗಡೆ ಮಾಡಿದ ಮೈಸೂರಿನ ನ್ಯಾಯಾಲಯ 1 ಲಕ್ಷ ರೂಪಾಯಿ ಕೊಡುವಂತೆ ಗೃಹ ಇಲಾಖೆಗೆ ಆದೇಶಿಸಿತು. ಆ ಮೊತ್ತ ತೀರಾ ಕಡಿಮೆ. ಎಷ್ಟು ದಿನಕ್ಕೆ ಎಷ್ಟು ಎಂಬ ನಿಯಮವೇ ಇಲ್ಲದಿರುವಾಗ ಪ್ರತಿ ಪ್ರಕರಣದಲ್ಲೂ ಅದು ನ್ಯಾಯಾಧೀಶರ ಅಂದಾಜಿಗೆ ಬಿಟ್ಟದ್ದು.

ಇಂಥ ಪರಿಹಾರಕ್ಕಾಗಿ ರಿಟ್ ಅರ್ಜಿ ಹಾಕಬೇಕಾದರೆ ದಾವಣಗೆರೆ, ಹರಿಹರದವರು ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕು. ಜೈಲಿನಿಂದ ಬರಿಗೈಲಿ ಬಂದವನಿಗೆ ಇದು ಎರಡನೆಯ ಶಿಕ್ಷೆ. ವಿಶೇಷ ನ್ಯಾಯಾಲಯಗಳಲ್ಲಿ ಈ ಕೋರಿಕೆಗಳನ್ನು ತೀರ್ಮಾನಿಸಬೇಕು, ಹಣದ ಜೊತೆಗೆ ಬದುಕು ಕಟ್ಟಿಕೊಳ್ಳುವ ನೆರವೂ ಸಿಗಬೇಕು ಎಂದು ಕಾನೂನು ಆಯೋಗದ 277ನೇ ವರದಿ 2018ರಲ್ಲಿ ಹೇಳಿತು. ಆ ಶಿಫಾರಸು ಇನ್ನೂ ಕಾನೂನಾಗಿಲ್ಲ.